ಕಳ್ಳಭಟ್ಟಿ ಕುಡಿದವರ ರಕ್ತ ಹೆಪ್ಪುಗಟ್ಟುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಬೆಳಗಿನ ಜಾವ ನಾಲ್ಕು ಗಂಟೆ. ಕ್ಯಾಶುಯಲ್ಟಿಗೆ ಒಬ್ಬರನ್ನು ಆಟೋದಲ್ಲಿ ತಂದಿದ್ದಾರೆ. ನಿನ್ನೆ ಮಧ್ಯಾಹ್ನ ಕುಡಿದಿದ್ದರು ಅಂತ ಹೆಂಡತಿ ಹೇಳುತ್ತಾರೆ. ರಾತ್ರಿಯಿಂದ ವಾಂತಿ, ಹೊಟ್ಟೆನೋವು. "ಕಣ್ಣೆಲ್ಲಾ ಮಂಜು ಮಂಜು" ಅನ್ನುತ್ತಿದ್ದರಂತೆ. ಈಗ ಮಾತಿಲ್ಲ. ಉಸಿರು ಮಾತ್ರ ಆಳವಾಗಿದೆ, ವೇಗವಾಗಿದೆ. ಸಿಸ್ಟರ್ ಡ್ರಿಪ್ ಹಾಕಲು ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇದೆ. ಹತ್ತಿ ಒತ್ತಿ ಹಿಡಿದರೂ ನಿಲ್ಲುತ್ತಿಲ್ಲ. ಸ್ವಲ್ಪ ಹೊತ್ತಿಗೆ ಲ್ಯಾಬಿನಿಂದ ಫೋನು: "ಮೇಡಂ, ಪಿಟಿ ಬರ್ತಾನೇ ಇಲ್ಲ. ಕ್ಲಾಟ್ ಆಗ್ತಿಲ್ಲ." ಪಿಟಿ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಅಂತ ಅಳೆಯುವ ಪರೀಕ್ಷೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ರಾತ್ರಿಗಳನ್ನು ನಾನು ಕಳೆದಿದ್ದೇನೆ. ಮೊದಲ ಸಲ ತಪ್ಪು ದಾರಿ ಹಿಡಿದೆ. ದಿನಾ ಕುಡಿಯುವವರು, ಲಿವರ್ ಹೋಗಿರಬೇಕು ಅಂದುಕೊಂಡೆ. ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ಲಾಸ್ಮಾ ತರಿಸಲು ಜಿಲ್ಲಾ ಕೇಂದ್ರದ ರಕ್ತನಿಧಿಗೆ ಫೋನಿನ ಮೇಲೆ ಫೋನು ಮಾಡಿದೆ. ಎರಡು ಗಂಟೆ ಹೋಯಿತು. ಆಮೇಲೆ ನೋಡಿದರೆ ಲ್ಯಾಬಿಗೆ ಕಳಿಸಿದ ಟ್ಯೂಬ್ ಅರ್ಧ ಮಾತ್ರ ತುಂಬಿತ್ತು. ಮತ್ತೆ ತೆಗೆದ ರಕ್ತದಲ್ಲಿ ಪಿಟಿ ನಾಲ್ಕೈದು ಸೆಕೆಂಡು ಮಾತ್ರ ಜಾಸ್ತಿ ಇತ್ತು. ಅಷ್ಟು ಹೊತ್ತಿಗೆ ರಕ್ತದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 7ಕ್ಕಿಂತ ಕೆಳಗೆ ಇಳಿದಿತ್ತು. ಆ ಎರಡು ಗಂಟೆಯಲ್ಲಿ ನಾನು ಮಾಡಬೇಕಿದ್ದ ಕೆಲಸವೇ ಬೇರೆ ಇತ್ತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಿಮ್ಮ ಆ ಎರಡು ಗಂಟೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಡ್ಯೂಟಿಗೆ ಸೇರಿದ ವೈದ್ಯರು, ಸ್ಟಾಫ್ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ನನ್ನ ಕಣ್ಣ ಮುಂದಿದ್ದಾರೆ. ಮನೆಯವರು ಯಾರಾದರೂ ಓದುತ್ತಿದ್ದರೆ ಒಂದೇ ಮಾತು: ಕುಡಿದ ಮರುದಿನ ಕಣ್ಣು ಮಂಜಾದರೆ, ಉಸಿರು ಜೋರಾದರೆ ಮಜ್ಜಿಗೆ, ನಿಂಬೆಹಣ್ಣಿನ ರಸ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ. ಜೊತೆಯಲ್ಲಿ ಕುಡಿದವರನ್ನೂ ಕರೆದುಕೊಂಡು ಬನ್ನಿ, ಅವರು ಈಗ ಚೆನ್ನಾಗಿಯೇ ಕಂಡರೂ ಸರಿ.

ಮೆಥನಾಲ್ ಒಳಗೆ ಏನು ಮಾಡುತ್ತದೆ

ಕಳ್ಳಭಟ್ಟಿಯಲ್ಲಿ ಬೆರೆತು ಜೀವ ತೆಗೆಯುವ ವಿಷದ ಆಲ್ಕೋಹಾಲ್ ಈ ಮೆಥನಾಲ್. ನಮ್ಮ ಕಡೆ ಇದು ಹಳೆಯ ಗಾಯ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇನಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆ ಕೃಷ್ಣಗಿರಿ ಕಡೆ ಮತ್ತೆ ನೂರಕ್ಕೂ ಹೆಚ್ಚು ಜನ. ಅದಕ್ಕೆ ಒಂದು ವರ್ಷ ಮೊದಲಷ್ಟೇ, 2007ರ ಜುಲೈನಲ್ಲಿ, ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿತ್ತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ. ಪ್ರತಿ ಸಲವೂ ಮೊದಲು ಬಂದ ರೋಗಿ ಯಾವುದೋ ಸಣ್ಣ ಆಸ್ಪತ್ರೆಯ ಕ್ಯಾಶುಯಲ್ಟಿಗೇ ಬಂದಿರುತ್ತಾರೆ.

ಮೆಥನಾಲ್ ಮತ್ತು ರಕ್ತ ಹೆಪ್ಪುಗಟ್ಟದಿರುವುದಕ್ಕೆ ಏನು ಸಂಬಂಧ? ನೇರ ಸಂಬಂಧ ಕಡಿಮೆ. ಹಾವಿನ ವಿಷದ ಹಾಗೆ ಮೆಥನಾಲ್ ಹೆಪ್ಪಿನ ಸರಪಳಿಗೇ ಕೈ ಹಾಕುವುದಿಲ್ಲ. ಅದು ಲಿವರ್‌ನಲ್ಲಿ ಮೊದಲು ಫಾರ್ಮಾಲ್ಡಿಹೈಡ್ ಆಗುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತದೆ. ಮಲೆನಾಡಿನವರಿಗೆ ಚಗಳಿ ಇರುವೆಯ ಹುಳಿ ಗೊತ್ತಲ್ವಾ, ಆ ಹುಳಿ ಇದೇ ಆಮ್ಲದ್ದು. ಚಟ್ನಿಯಲ್ಲಿ ಒಂದಿಷ್ಟು ಇದ್ದರೆ ತೊಂದರೆಯಿಲ್ಲ. ರಕ್ತದಲ್ಲಿ ಗಂಟೆಗಟ್ಟಲೆ ಸೇರುತ್ತಾ ಹೋದರೆ ಜೀವಕೋಶಗಳಿಗೆ ಆಮ್ಲಜನಕ ಬಳಸಲು ಆಗುವುದಿಲ್ಲ. ಕಣ್ಣಿನ ನರ ಮತ್ತು ಮೆದುಳಿನ ಆಳದಲ್ಲಿರುವ ಪ್ಯುಟಾಮೆನ್ ಎಂಬ ಭಾಗ ಮೊದಲು ಸೋಲುತ್ತವೆ. ಇಡೀ ರಕ್ತ ಹುಳಿಯಾಗುತ್ತದೆ.

ಹೆಪ್ಪು ಕೆಡುವುದು ಈ ಹುಳಿಯಿಂದ. ಹೆಪ್ಪುಗಟ್ಟುವುದು ಅಂದರೆ ಒಂದರ ಹಿಂದೆ ಒಂದು ಕೆಲಸ ಮಾಡುವ ಕಿಣ್ವಗಳ ಸಾಲು. ಈ ಸಾಲಿನಲ್ಲಿರುವವನ್ನು ಫ್ಯಾಕ್ಟರ್ ಅನ್ನುತ್ತೇವೆ, ಒಂದೊಂದಕ್ಕೆ ಒಂದು ಸಂಖ್ಯೆ. ಅವುಗಳಿಗೆ ಪಿಎಚ್ 7.4ರ ಆಸುಪಾಸು ಬೇಕು. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಿಎಚ್ ಅನ್ನು 7.4ರಿಂದ 7.0ಕ್ಕೆ ಇಳಿಸಿದಾಗ ಏಳನೇ ಫ್ಯಾಕ್ಟರ್‌ನ ಚುರುಕು ರೂಪದ ಕೆಲಸ ಶೇ. 90ಕ್ಕೂ ಹೆಚ್ಚು ಕುಸಿಯಿತು. ಹೆಪ್ಪು ಕಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವವನ್ನು ಹುಟ್ಟಿಸುವ ಹತ್ತು ಮತ್ತು ಐದನೇ ಫ್ಯಾಕ್ಟರ್‌ಗಳ ಜೋಡಿಯ ಕೆಲಸ ಸುಮಾರು ಶೇ. 70ರಷ್ಟು ಕಡಿಮೆಯಾಯಿತು. ಗಮನಿಸಿ, ಫ್ಯಾಕ್ಟರ್‌ಗಳು ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇದ್ದವು. ಕೆಲಸ ಮಾಡುತ್ತಿರಲಿಲ್ಲ, ಅಷ್ಟೇ. ಇದಕ್ಕೆ ರೋಗಿಯ ಮೈ ತಣ್ಣಗಾಗಿರುವುದೂ ಸೇರಿಕೊಳ್ಳುತ್ತದೆ. ರಾತ್ರಿಯಿಡೀ ಜಗಲಿಯ ಮೇಲೆ, ಗದ್ದೆ ಬದುವಿನಲ್ಲಿ ಬಿದ್ದಿದ್ದವರ ಮೈ 34 ಡಿಗ್ರಿಗೆ ಇಳಿದಿದ್ದರೆ ಪ್ಲೇಟ್‌ಲೆಟ್‌ಗಳೂ ಸರಿಯಾಗಿ ಅಂಟಿಕೊಳ್ಳುವುದಿಲ್ಲ.

ಬೋರ್‌ವೆಲ್‌ನಲ್ಲಿ ನೀರು ಬರದಿದ್ದರೆ ನಾವು ಮೊದಲು ಕರೆಂಟ್ ಇದೆಯಾ ಅಂತ ನೋಡುತ್ತೇವೆ. ಸೀದಾ ಮೋಟಾರ್ ಮೇಲೆತ್ತುವುದಿಲ್ಲ. ಇಲ್ಲೂ ಹಾಗೆಯೇ. ಹುಳಿಯಲ್ಲಿ ಮುಳುಗಿರುವ ರಕ್ತಕ್ಕೆ ಹೊಸ ಪ್ಲಾಸ್ಮಾ ಸುರಿದರೆ ಅದರಲ್ಲಿರುವ ಫ್ಯಾಕ್ಟರ್‌ಗಳೂ ಅದೇ ಹುಳಿಯಲ್ಲಿ ಮಲಗುತ್ತವೆ.

ಮೊದಲ ಅನುಮಾನ ಟ್ಯೂಬಿನ ಮೇಲೆ

ಪಿಟಿ, ಎಪಿಟಿಟಿ (ಇದೂ ಹೆಪ್ಪಿನ ಸಮಯ ಅಳೆಯುವ ಪರೀಕ್ಷೆಯೇ) ವಿಪರೀತ ಜಾಸ್ತಿ ಬಂದರೆ ರೋಗಿಗಿಂತ ಮೊದಲು ಮಾದರಿಯನ್ನು ನೋಡಿ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟ್‌ಗೆ (ಕ್ಯಾಲ್ಸಿಯಂ ಹಿಡಿದಿಟ್ಟು ಟ್ಯೂಬಿನಲ್ಲಿ ರಕ್ತ ಕಟ್ಟದಂತೆ ತಡೆಯುವ ದ್ರಾವಣ) ಒಂಬತ್ತು ಪಾಲು ರಕ್ತ ಇರಬೇಕು. 0.3 ಎಂಎಲ್ ಸಿಟ್ರೇಟ್ ಇದ್ದರೆ 2.7 ಎಂಎಲ್ ರಕ್ತ. ಗುರುತಿನ ಗೆರೆ ತನಕ ತುಂಬಿರಬೇಕು. ಅರ್ಧ ತುಂಬಿದ್ದರೆ ಸಿಟ್ರೇಟ್ ಜಾಸ್ತಿಯಾಗುತ್ತದೆ. ಪರೀಕ್ಷೆಗೆ ಹಾಕುವ ಕ್ಯಾಲ್ಸಿಯಂ ಅನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಹೆಪ್ಪು ಬರುವುದೇ ಇಲ್ಲ.

ಇನ್ನೊಂದು ಅಷ್ಟಾಗಿ ಯಾರೂ ಯೋಚಿಸದ ಕಾರಣ ಇದೆ. ರಾತ್ರಿಯಿಡೀ ವಾಂತಿ ಮಾಡಿಕೊಂಡು ನೀರಿಲ್ಲದೆ ಒಣಗಿದವರ ರಕ್ತ ಗಟ್ಟಿಯಾಗಿರುತ್ತದೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇ. 55 ದಾಟಿದರೆ ಟ್ಯೂಬ್ ಪೂರ್ತಿ ತುಂಬಿದ್ದರೂ ಅದರಲ್ಲಿ ಪ್ಲಾಸ್ಮಾ ಕಡಿಮೆ, ಅದಕ್ಕೆ ಹೋಲಿಸಿದರೆ ಸಿಟ್ರೇಟ್ ಜಾಸ್ತಿ. ಆಗಲೂ ಪಿಟಿ ಸುಳ್ಳು ಹೇಳುತ್ತದೆ. ಹಿಮೋಗ್ಲೋಬಿನ್ 18ರ ಮೇಲೆ ಕಂಡರೆ ಲ್ಯಾಬಿನವರೇ ವಾರ್ಡಿಗೆ ತಿಳಿಸಿದರೆ ಒಳ್ಳೆಯದು. ಸಿಟ್ರೇಟ್ ಕಡಿಮೆ ಮಾಡಿದ ಟ್ಯೂಬಿನಲ್ಲಿ ಮತ್ತೆ ತೆಗೆಯಬೇಕು.

ಡಯಾಲಿಸಿಸ್ ಕ್ಯಾಥೆಟರ್‌ನಿಂದಲೋ ಸೆಂಟ್ರಲ್ ಲೈನ್‌ನಿಂದಲೋ ರಕ್ತ ತೆಗೆದಿದ್ದರೆ ಅದರಲ್ಲಿ ಉಳಿದ, ರಕ್ತ ಕಟ್ಟದಂತೆ ತಡೆಯುವ ಹೆಪಾರಿನ್ ಔಷಧ ಬಂದಿರಬಹುದು. ಇನ್ನೊಂದು ಕೈಯಿಂದ, ಸೂಜಿ ಚುಚ್ಚಿ, ಹೊಸದಾಗಿ ತೆಗೆಯಿರಿ. ಮಾದರಿಯಲ್ಲಿ ಸಣ್ಣ ಗಂಟು ಇದೆಯಾ ಅಂತ ಕಡ್ಡಿಯಿಂದ ನೋಡಿ. ಇಷ್ಟೂ ಹತ್ತು ನಿಮಿಷದ ಕೆಲಸ.

ಲ್ಯಾಬ್ ನಾರ್ಮಲ್ ಅಂದರೂ ರೋಗಿಗೆ ರಕ್ತ ನಿಲ್ಲದಿದ್ದರೆ

ಇದು ಇಡೀ ವಿಷಯದ ತಿರುಳು. ಪಿಟಿ ಪರೀಕ್ಷೆ ನಡೆಯುವುದು 37 ಡಿಗ್ರಿಯಲ್ಲಿ. ಯಂತ್ರ ಪ್ಲಾಸ್ಮಾವನ್ನು ಬಿಸಿ ಮಾಡಿಕೊಳ್ಳುತ್ತದೆ. ಪರೀಕ್ಷೆಗೆ ಬೆರೆಸುವ ದ್ರಾವಣದಲ್ಲಿ ಬಫರ್ ಇರುತ್ತದೆ, ಅದು ಹುಳಿಯನ್ನು ಬಹುಮಟ್ಟಿಗೆ ಸರಿಪಡಿಸಿಬಿಡುತ್ತದೆ. ಅಂದರೆ ರೋಗಿಯ ಮೈಯೊಳಗೆ ಪಿಎಚ್ 6.9, ತಾಪ 34 ಇದ್ದರೂ ಲ್ಯಾಬಿನ ಟ್ಯೂಬಿನಲ್ಲಿ ಎರಡೂ ಸರಿಯಾಗಿರುತ್ತವೆ. ರೋಗಿಯ ರಕ್ತ ಮಾಡಲಾಗದ ಕೆಲಸವನ್ನು ಅವರ ಪ್ಲಾಸ್ಮಾ ಲ್ಯಾಬಿನಲ್ಲಿ ಮಾಡಿ ತೋರಿಸುತ್ತದೆ.

ಹಾಗಾಗಿ ದಾರಿ ಇಲ್ಲಿ ಎರಡಾಗಿ ಒಡೆಯುತ್ತದೆ.

ಸೂಜಿ ಚುಚ್ಚಿದ ಜಾಗ, ಒಸಡು, ಕ್ಯಾಥೆಟರ್ ಸುತ್ತ ರಕ್ತ ಜಿನುಗುತ್ತಿದೆ, ಆದರೆ ಸರಿಯಾದ ಟ್ಯೂಬಿನಲ್ಲಿ ಪಿಟಿ ನಾರ್ಮಲ್ ಇದೆ, ಇಲ್ಲವೇ ಸ್ವಲ್ಪ ಮಾತ್ರ ಜಾಸ್ತಿ ಇದೆ. ಪ್ಲೇಟ್‌ಲೆಟ್ ಕೂಡ ಪರವಾಗಿಲ್ಲ. ಆಗ ಫ್ಯಾಕ್ಟರ್‌ಗಳು ಇವೆ, ಹುಳಿ ಮತ್ತು ಚಳಿ ಅವುಗಳ ಕೈ ಕಟ್ಟಿವೆ ಎಂದು ಓದಿ. ಇಲ್ಲಿ ಮದ್ದು ಆಮ್ಲ ಇಳಿಸುವುದು, ಮೈ ಬೆಚ್ಚಗೆ ಮಾಡುವುದು.

ಸರಿಯಾದ ಟ್ಯೂಬಿನಲ್ಲೂ ಪಿಟಿ ತುಂಬಾ ಜಾಸ್ತಿ ಇದೆ. ಆಗ ಫ್ಯಾಕ್ಟರ್‌ಗಳು ನಿಜವಾಗಿಯೂ ಕಡಿಮೆಯಾಗಿವೆ, ಇಲ್ಲವೇ ಅವುಗಳನ್ನು ಏನೋ ತಡೆಯುತ್ತಿದೆ. ಮೆಥನಾಲ್ ಒಂದನ್ನೇ ಹೊಣೆ ಮಾಡಿ ಮುಂದೆ ಹೋಗಬೇಡಿ. ಇನ್ನೊಂದು ಕಾರಣ ಎಲ್ಲೋ ಅಡಗಿದೆ. ಅದನ್ನು ಹುಡುಕುವ ಬಗೆ ಮುಂದೆ ಹೇಳುತ್ತೇನೆ.

ಹುಳಿಯನ್ನು ಅಳೆಯುವುದು

ಎಬಿಜಿ (ಅಪಧಮನಿ ರಕ್ತದ ಅನಿಲ ಮತ್ತು ಹುಳಿ ಅಳೆಯುವ) ಯಂತ್ರ ಇದ್ದರೆ ಪಿಎಚ್ ಮತ್ತು ಬೈಕಾರ್ಬನೇಟ್ ಐದು ನಿಮಿಷದಲ್ಲಿ ಸಿಗುತ್ತದೆ. ಆಮೇಲೆ ಆನಯಾನ್ ಗ್ಯಾಪ್ ಲೆಕ್ಕ ಹಾಕಿ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಎರಡನ್ನೂ ಕಳೆಯಿರಿ. ಸೋಡಿಯಂ 138, ಕ್ಲೋರೈಡ್ 100, ಬೈಕಾರ್ಬನೇಟ್ 6 ಇದ್ದರೆ ಗ್ಯಾಪ್ 32. ಸಾಮಾನ್ಯವಾಗಿ 8ರಿಂದ 12 ಇರಬೇಕು. ಅಂದರೆ ರಕ್ತದಲ್ಲಿ ಲೆಕ್ಕಕ್ಕೆ ಸಿಗದ ಆಮ್ಲ ಸೇರಿದೆ.

ಆಸ್ಮೋಲಾಲ್ ಗ್ಯಾಪ್ (ರಕ್ತದಲ್ಲಿ ಕರಗಿದ ಕಣಗಳ ಅಳೆದ ಮಟ್ಟಕ್ಕೂ ಲೆಕ್ಕದ ಮಟ್ಟಕ್ಕೂ ಇರುವ ವ್ಯತ್ಯಾಸ) ಕೂಡ ಸಹಾಯಕ್ಕೆ ಬರುತ್ತದೆ, ಆದರೆ ಇದರಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಪುಸ್ತಕದ ಸೂತ್ರದಲ್ಲಿ ಬಿಯುಎನ್ (ಯೂರಿಯಾದಲ್ಲಿರುವ ನೈಟ್ರೋಜನ್) ಅನ್ನು 2.8ರಿಂದ ಭಾಗಿಸಿ ಅಂತ ಇರುತ್ತದೆ. ನಮ್ಮ ಲ್ಯಾಬುಗಳು ಕೊಡುವುದು ಹೆಚ್ಚಾಗಿ ಬ್ಲಡ್ ಯೂರಿಯಾ. ಅದನ್ನು 6ರಿಂದ ಭಾಗಿಸಬೇಕು. ಉದಾಹರಣೆಗೆ ಸೋಡಿಯಂ 138, ಸಕ್ಕರೆ 108, ಬ್ಲಡ್ ಯೂರಿಯಾ 30. ಸೋಡಿಯಂನ ಎರಡರಷ್ಟು 276. ಸಕ್ಕರೆಯನ್ನು 18ರಿಂದ ಭಾಗಿಸಿದರೆ 6. ಯೂರಿಯಾದಿಂದ 5. ಒಟ್ಟು 287. ಯಂತ್ರ ಅಳೆದದ್ದು 340 ಇದ್ದರೆ ಗ್ಯಾಪ್ 53. ಅಷ್ಟು ಜಾಗದಲ್ಲಿ ಯಾವುದೋ ಆಲ್ಕೋಹಾಲ್ ಕೂತಿದೆ. ಅದು ಮಾಮೂಲಿ ಮದ್ಯದ ಎಥನಾಲೂ ಇರಬಹುದು, ಹಾಗಾಗಿ ಎಥನಾಲ್ ಮಟ್ಟ ಸಿಕ್ಕರೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಘನೀಕರಣ ಬಿಂದು ನೋಡಿ ಅಳೆಯುವ ಯಂತ್ರವೇ ಬೇಕು. ಆವಿ ಒತ್ತಡದ ಯಂತ್ರಕ್ಕೆ ಆವಿಯಾಗುವ ಆಲ್ಕೋಹಾಲ್ ಕಾಣುವುದಿಲ್ಲ.

ಗ್ಯಾಪ್ ಇಲ್ಲ ಅಂದರೆ ಮೆಥನಾಲ್ ಇಲ್ಲ ಅಂತ ಅಲ್ಲ. ಶುರುವಿನಲ್ಲಿ ಮೆಥನಾಲ್ ಮೆಥನಾಲ್ ಆಗಿಯೇ ಇರುತ್ತದೆ, ಆಗ ಆಸ್ಮೋಲಾಲ್ ಗ್ಯಾಪ್ ದೊಡ್ಡದು, ಆನಯಾನ್ ಗ್ಯಾಪ್ ಚಿಕ್ಕದು. ಅದು ಆಮ್ಲವಾಗುತ್ತಾ ಹೋದಂತೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಕಣ್ಣು ಮಂಜಾಗಿ ಬಂದವರು ತಡವಾಗಿ ಬಂದವರು. ಅವರಲ್ಲಿ ಆಸ್ಮೋಲಾಲ್ ಗ್ಯಾಪ್ ನಾರ್ಮಲ್ ಇರಬಹುದು. ಮಾಮೂಲಿ ಮದ್ಯವನ್ನೂ ಜೊತೆಗೆ ಕುಡಿದಿದ್ದರೆ ಲಕ್ಷಣಗಳು 24 ಗಂಟೆಗಿಂತಲೂ ತಡವಾಗಬಹುದು. ಮೆಥನಾಲ್ ಮಟ್ಟ ಅಳೆಯುವ ಸೌಲಭ್ಯ ನಮ್ಮ ಬಹುತೇಕ ಕಡೆ ಇಲ್ಲ. ಆ ವರದಿಗಾಗಿ ಚಿಕಿತ್ಸೆ ನಿಲ್ಲಿಸಿಕೊಂಡು ಕೂರಬೇಡಿ.

ಕುಡಿತದ ವಾಸನೆಯ ಹಿಂದೆ ಅಡಗಿರುವುದು

ಬಾಯಲ್ಲಿ ಮದ್ಯದ ವಾಸನೆ ಬಂದರೆ ನಮ್ಮ ತಲೆ ಅಲ್ಲೇ ನಿಂತುಬಿಡುತ್ತದೆ. ಪಿಟಿ ನಿಜವಾಗಿಯೂ ಜಾಸ್ತಿ ಇದ್ದಾಗ ಇದು ಜೀವ ತೆಗೆಯುವ ತಪ್ಪು.

ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗಬೇಕಾದ್ದು ಕೊಳಕು ಮಂಡಲ. ಕುಡಿದು ಹೊಲದ ದಾರಿಯಲ್ಲಿ ಬಂದವರಿಗೆ, ಅಲ್ಲೇ ಮಲಗಿದವರಿಗೆ ಹಾವು ಕಚ್ಚಿದ್ದು ಗೊತ್ತಾಗದೇ ಇರಬಹುದು. ಬೆಳಿಗ್ಗೆ ವಾಂತಿ, ಹೊಟ್ಟೆನೋವು, ಒಸಡಿನಲ್ಲಿ ರಕ್ತ. ಎಲ್ಲರೂ ಕಳ್ಳಭಟ್ಟಿ ಅನ್ನುತ್ತಾರೆ. ಒಮ್ಮೆ ಇಂಥವರೊಬ್ಬರ ಕಾಲಿನ ಕೆಸರು ತೊಳೆದಾಗ ಹಿಮ್ಮಡಿಯ ಹತ್ತಿರ ಊತ ಕಂಡಿತು. ತೊಳೆದದ್ದು ಒಬ್ಬ ಆಯಾ. ಅವರು ತೋರಿಸದಿದ್ದರೆ ನಮಗೆ ಕಾಣುತ್ತಿರಲಿಲ್ಲ. ಅಂದಿನಿಂದ ನಾನು ಕುಡಿದು ಬಂದವರ ಎರಡೂ ಕಾಲು, ಎರಡೂ ಕೈ ತೊಳೆದು ನೋಡದೆ ಬಿಡುವುದಿಲ್ಲ.

ಇದಕ್ಕೆ 20 ನಿಮಿಷದ ಪರೀಕ್ಷೆ ಸಾಕು. ಹೊಸ, ಒಣ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ. ಅಲುಗಾಡಿಸದೆ 20 ನಿಮಿಷ ಬಿಡಿ. ಆಮೇಲೆ ಒಂದೇ ಒಂದು ಸಲ ಬಾಗಿಸಿ. ರಕ್ತ ನೀರಿನಂತೆ ಹರಿದರೆ ಹೆಪ್ಪುಗಟ್ಟಿಲ್ಲ. ಪ್ಲಾಸ್ಟಿಕ್ ಟ್ಯೂಬ್ ಬೇಡ, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬೂ ಬೇಡ. ಎರಡರಲ್ಲೂ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೇ ಇರಬಹುದು. ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತ ಇಟ್ಟು ಹೋಲಿಸಿದರೆ ಧೈರ್ಯ ಬರುತ್ತದೆ. ಮಂಡಲದ ವಿಷಕ್ಕೆ ಹೆಪ್ಪು ಪೂರ್ತಿ ನಿಲ್ಲುತ್ತದೆ, ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಬರಿದಾಗಿರುತ್ತದೆ. ಬರೀ ಮೆಥನಾಲ್‌ನಲ್ಲಿ ಅಷ್ಟು ಪೂರ್ತಿಯಾಗಿ ನಿಲ್ಲುವುದು ಅಪರೂಪ. ಅಂಥದ್ದು ಕಂಡರೆ ಹಾವಿನ ಬಗ್ಗೆ ಮತ್ತೊಮ್ಮೆ ಯೋಚಿಸಿ.

ಎರಡನೆಯದು ಇಲಿ ಪಾಷಾಣ. ಇದನ್ನು ಕೇಳಲು ನಮಗೆ ಸಂಕೋಚ, ಹೇಳಲು ಮನೆಯವರಿಗೆ ಭಯ. ಮನೆಯವರನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿ: "ಅಮ್ಮಾ, ಮನೇಲಿ ಜಗಳ, ಸಾಲದ ಬೇಜಾರು ಏನಾದ್ರೂ ಇತ್ತಾ? ಕುಡಿದಿದ್ರಲ್ಲಿ ಬೇರೆ ಏನಾದ್ರೂ ಇತ್ತಾ?" ಬೈಯುವ ಧ್ವನಿ ಬೇಡ. ರೋಗಿ ಎಚ್ಚರವಾದ ಮೇಲೆ ಅವರ ಹತ್ತಿರವೂ ಅಷ್ಟೇ ಮೆತ್ತಗೆ ಮಾತಾಡಿ, ಮನೋವೈದ್ಯರನ್ನು ಕರೆಸಿ. ಬ್ರೊಮಾಡಿಯೊಲೋನ್ ಥರದ ಇಲಿ ಕೇಕುಗಳು ವಿಟಮಿನ್ ಕೆ ಕೆಲಸ ಮಾಡದಂತೆ ತಡೆಯುತ್ತವೆ. ಮೊದಲ ದಿನ ಪಿಟಿ ನಾರ್ಮಲ್ ಇರುತ್ತದೆ, ಎರಡು ಮೂರು ದಿನಕ್ಕೆ ಏರುತ್ತದೆ. ಹಳದಿ ರಂಜಕದ ಪೇಸ್ಟ್ ಇನ್ನೂ ಕೆಟ್ಟದ್ದು. ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ಎಲ್ಲಾ ಸರಿಯಾದಂತೆ ಕಾಣುತ್ತದೆ, ನಂತರ ಲಿವರ್ ಕುಸಿದು ಪಿಟಿ ಏರುತ್ತದೆ. ಹೀಗಾಗಿ ಮೊದಲ ರಾತ್ರಿಯೇ ಐಎನ್‌ಆರ್ (ಪಿಟಿಯನ್ನು ಸಾಮಾನ್ಯದ ಜೊತೆ ಹೋಲಿಸಿದ ಅಂಕಿ) ತುಂಬಾ ಜಾಸ್ತಿ ಇದ್ದರೆ ಆ ಹೊತ್ತಿನಲ್ಲೇ ತಿಂದ ಇಲಿ ಪಾಷಾಣ ಕಾರಣ ಆಗಿರಲಾರದು. ಮೂರನೇ ದಿನ ಏರಿದರೆ ಆಗಿರಬಹುದು.

ಮೂರನೆಯದು ಮಾತ್ರೆಗಳು. ಹೃದಯದ ಕವಾಟದ ತೊಂದರೆಗೆ ಆಸಿಟ್ರೋಮ್, ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ಒಮ್ಮೆಲೇ ಜಾಸ್ತಿ ಕುಡಿದರೆ ಐಎನ್‌ಆರ್ ಏರಬಹುದು. ಎದೆಯ ಮೇಲೆ ಹಳೆಯ ಆಪರೇಷನ್ ಗುರುತು ಇದೆಯಾ ನೋಡಿ, ಮಾತ್ರೆ ಚೀಟಿ ತರಿಸಿ.

ಇನ್ನು ಹಳೆಯ ಕುಡಿತ ತಂದಿಟ್ಟ ಲಿವರ್ ಕಾಯಿಲೆ. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು, ಗುಲ್ಮ ದೊಡ್ಡದು, ಪ್ಲೇಟ್‌ಲೆಟ್ ಕಡಿಮೆ. ಊಟ ಬಿಟ್ಟು ಕುಡಿಯುವವರಿಗೆ ವಿಟಮಿನ್ ಕೆ ಕೊರತೆಯೂ ಇರುತ್ತದೆ. ಇವೆರಡನ್ನು ಬೇರ್ಪಡಿಸಲು 10 ಮಿಗ್ರಾಂ ವಿಟಮಿನ್ ಕೆ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು 12 ಗಂಟೆಯ ನಂತರ ಪಿಟಿ ನೋಡಿ. ಇಳಿದರೆ ಕೊರತೆ. ಇಳಿಯದಿದ್ದರೆ ಲಿವರ್. ಮೆಡಿಕಲ್ ಕಾಲೇಜಿನ ಲ್ಯಾಬ್ ಹತ್ತಿರ ಇದ್ದರೆ ಐದನೇ ಮತ್ತು ಏಳನೇ ಫ್ಯಾಕ್ಟರ್ ಕೇಳಿ. ಏಳು ಮಾತ್ರ ಕಡಿಮೆ ಇದ್ದರೆ ವಿಟಮಿನ್ ಕೆ, ಐದೂ ಕಡಿಮೆ ಇದ್ದರೆ ಲಿವರ್. ಸ್ನಾಯುವಿಗೆ ಇಂಜೆಕ್ಷನ್ ಕೊಡಬೇಡಿ, ಅಲ್ಲೇ ರಕ್ತ ತುಂಬಿಕೊಳ್ಳುತ್ತದೆ.

ಪ್ಲೇಟ್‌ಲೆಟ್ ಬಗ್ಗೆ ಒಂದು ಮಾತು. ಕುಡಿತವೇ ಮಜ್ಜೆಯನ್ನು ಕುಗ್ಗಿಸುತ್ತದೆ. ಕುಡಿತ ಬಿಟ್ಟ ಒಂದು ವಾರದಲ್ಲಿ ಅದು ತಾನಾಗಿಯೇ ಏರುತ್ತದೆ. ಮಳೆಗಾಲದಲ್ಲಿ ಡೆಂಗಿಯೂ ಇರಬಹುದು, ಜ್ವರದ ಬಗ್ಗೆ ಕೇಳಿ.

ರಕ್ತ ವಾಂತಿ ಆದ ಮಾತ್ರಕ್ಕೆ ಹೆಪ್ಪಿನ ದೋಷ ಇದೆ ಅಂತಲೂ ಅಲ್ಲ. ಬರೀ ಹೊಟ್ಟೆಯಿಂದ ರಕ್ತ ಬರುತ್ತಿದ್ದು, ಸೂಜಿ ಚುಚ್ಚಿದ ಜಾಗ ಒಣಗಿದ್ದರೆ ತೂತು ಹೊಟ್ಟೆಯಲ್ಲಿದೆ, ರಕ್ತದಲ್ಲಿ ಅಲ್ಲ. ಒಂದಕ್ಕಿಂತ ಹೆಚ್ಚು ಜಾಗದಿಂದ ಜಿನುಗಿದರೆ ಮಾತ್ರ ರಕ್ತದ ಮೇಲೆ ಅನುಮಾನ ಪಡಿ.

ಡಿಐಸಿ ಆಗಿದೆಯಾ?

ಹುಳಿ ಗಂಟೆಗಟ್ಟಲೆ ಉಳಿದು, ಬಿಪಿ ಬಿದ್ದು, ಫಿಟ್ಸ್ ಬಂದು, ಉಸಿರಿನ ದಾರಿಗೆ ವಾಂತಿ ಹೋಗಿ ಸೋಂಕಾದರೆ ಕೆಲವರಲ್ಲಿ ಡಿಐಸಿ ಶುರುವಾಗುತ್ತದೆ. ಮೈಯೊಳಗೆ ಎಲ್ಲೆಂದರಲ್ಲಿ ಸಣ್ಣ ಹೆಪ್ಪು ಕಟ್ಟುತ್ತಾ ಫ್ಯಾಕ್ಟರ್‌ಗಳು ಖರ್ಚಾಗಿಬಿಡುತ್ತವೆ. ಈಗ ಫ್ಯಾಕ್ಟರ್‌ಗಳು ನಿಜವಾಗಿಯೂ ಇಲ್ಲ. ಇದನ್ನು ಅಂಕ ಹಾಕಿ ನೋಡಬಹುದು. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ 1, 50 ಸಾವಿರಕ್ಕಿಂತ ಕಡಿಮೆ ಇದ್ದರೆ 2. ಪಿಟಿ 3ರಿಂದ 6 ಸೆಕೆಂಡು ಜಾಸ್ತಿಯಾದರೆ 1, ಅದಕ್ಕೂ ಜಾಸ್ತಿಯಾದರೆ 2. ಫೈಬ್ರಿನೋಜೆನ್ ಡೆಸಿಲೀಟರ್‌ಗೆ 100 ಮಿಗ್ರಾಂಗಿಂತ ಕಡಿಮೆ ಇದ್ದರೆ 1. ಡಿ-ಡೈಮರ್ (ಕರಗಿದ ಹೆಪ್ಪಿನ ಚೂರು) ಸಾಧಾರಣ ಏರಿದ್ದರೆ 2, ತುಂಬಾ ಏರಿದ್ದರೆ 3. ಒಟ್ಟು 5 ಅಥವಾ ಜಾಸ್ತಿ ಬಂದರೆ ಡಿಐಸಿ. ಒಂದು ಸಲ ನೋಡಿದರೆ ಸಾಲದು. ಆರು ಗಂಟೆಗೊಮ್ಮೆ ನೋಡಿ. ಲಿವರ್ ರೋಗಿಯ ಅಂಕಿಗಳು ಅಲ್ಲೇ ನಿಂತಿರುತ್ತವೆ, ಡಿಐಸಿಯಲ್ಲಿ ಕಣ್ಣ ಮುಂದೆಯೇ ಬೀಳುತ್ತವೆ.

ಡಯಾಲಿಸಿಸ್ ಮತ್ತು ಹೆಪಾರಿನ್

ಪಿಎಚ್ 7.15ಕ್ಕಿಂತ ಕಡಿಮೆ ಇದ್ದರೆ, ಆನಯಾನ್ ಗ್ಯಾಪ್ 24 ದಾಟಿದ್ದರೆ, ಎಚ್ಚರ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಕಣ್ಣಿಗೆ ಹೊಸದಾಗಿ ತೊಂದರೆ ಆಗಿದ್ದರೆ ಡಯಾಲಿಸಿಸ್ ಬೇಕು. ಅದು ಮೆಥನಾಲ್ ತೆಗೆಯುತ್ತದೆ, ಫಾರ್ಮಿಕ್ ಆಮ್ಲ ತೆಗೆಯುತ್ತದೆ, ಪಿಎಚ್ ಎತ್ತುತ್ತದೆ. ಹೆಪ್ಪಿನ ದೋಷಕ್ಕೂ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಈಗ ನಮ್ಮ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಯಂತ್ರ ಇದೆ, ಇದು ದೊಡ್ಡ ಬಲ.

ಆದರೆ ಯಂತ್ರದೊಳಗೆ ರಕ್ತ ಕಟ್ಟದಿರಲಿ ಅಂತ ಹೆಪಾರಿನ್ ಹಾಕುವುದು ರೂಢಿ. ಮೆಥನಾಲ್ ರೋಗಿಯ ಪ್ಯುಟಾಮೆನ್ ಮೊದಲೇ ಸತ್ತಿರಬಹುದು, ಅಲ್ಲಿ ರಕ್ತ ಸೋರಬಹುದು. ಹೆಪಾರಿನ್ ಇದನ್ನು ಜಾಸ್ತಿ ಮಾಡುತ್ತದೆಯೇ ಅನ್ನುವುದು ಹಳೆಯ ಚರ್ಚೆ. 2012ರ ಸೆಪ್ಟೆಂಬರ್‌ನಲ್ಲಿ ಚೆಕ್ ದೇಶದಲ್ಲಿ ವಿಷಮದ್ಯದ ದುರಂತ ನಡೆದಾಗ, ಶೇ. 20 ಮತ್ತು ಅದಕ್ಕೂ ಜಾಸ್ತಿ ಆಲ್ಕೋಹಾಲ್ ಇರುವ ಮದ್ಯದ ಮಾರಾಟವನ್ನೇ ಅಲ್ಲಿನ ಸರ್ಕಾರ ನಿಲ್ಲಿಸಿತು. ಅಲ್ಲಿ ಬದುಕಿದವರ ಮೆದುಳನ್ನು ನೋಡಿದ ವೈದ್ಯರಿಗೆ ಡಯಾಲಿಸಿಸ್ ಹೆಪಾರಿನ್‌ಗೂ ಮೆದುಳಿನ ರಕ್ತಸ್ರಾವಕ್ಕೂ ನಂಟು ಕಾಣಲಿಲ್ಲ. ವಿಷ ಎಷ್ಟು ತೀವ್ರವಾಗಿ ಏರಿತ್ತು ಅನ್ನುವುದೇ ಮುಖ್ಯವಾಗಿ ಕಂಡಿತು. ಇದು ನನಗೆ ಸಮಾಧಾನದ ಸುದ್ದಿ. ಹಾಗಂತ ಎಲ್ಲೆಲ್ಲೂ ಜಿನುಗುತ್ತಿರುವ ರೋಗಿಗೆ ನಾನು ಹೆಪಾರಿನ್ ಹಾಕಿಸುವುದಿಲ್ಲ. 15ರಿಂದ 30 ನಿಮಿಷಕ್ಕೊಮ್ಮೆ ಸಲೈನ್ ಹಾಯಿಸಿ ನಡೆಸುತ್ತೇವೆ. ಹೆಪಾರಿನ್ ಇಲ್ಲ ಅಂತ ಡಯಾಲಿಸಿಸ್ ಮುಂದೂಡುವುದು ಮಾತ್ರ ಬೇಡ.

ಡಯಾಲಿಸಿಸ್ ಆದ ಮೇಲೆ ಎಪಿಟಿಟಿ ತುಂಬಾ ಜಾಸ್ತಿ, ಪಿಟಿ ಅಷ್ಟೇನಿಲ್ಲ ಅಂತಾದರೆ ಹೆಪಾರಿನ್ ಉಳಿದಿದೆ ಎಂದು ಓದಿ. ಅನುಮಾನ ಇದ್ದರೆ ಮಿಕ್ಸಿಂಗ್ ಪರೀಕ್ಷೆ ಮಾಡಿಸಿ. ರೋಗಿಯ ಪ್ಲಾಸ್ಮಾಗೆ ಅಷ್ಟೇ ಒಳ್ಳೆಯ ಪ್ಲಾಸ್ಮಾ ಬೆರೆಸಿದಾಗ ಸರಿಹೋದರೆ ಫ್ಯಾಕ್ಟರ್ ಕೊರತೆ. ಸರಿಹೋಗದಿದ್ದರೆ ಹೆಪಾರಿನ್ ಥರದ ತಡೆ. ಎಚ್ಚರ ಸುಧಾರಿಸದಿದ್ದರೆ, ಒಂದು ಕಡೆ ಕೈಕಾಲು ಬಲ ಕಡಿಮೆಯಾದರೆ ತಲೆಯ ಸಿಟಿ ಮಾಡಿಸಿ.

ಬೇರೆ ಆಲ್ಕೋಹಾಲ್‌ಗಳು

ವಾಹನಗಳ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಆಕ್ಸಲೇಟ್ ಆಗಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ತೀರಾ ಇಳಿದರೆ ಹೆಪ್ಪೂ ಕೆಡುತ್ತದೆ. ಅದರ ಇನ್ನೊಂದು ಮೋಸ: ಕೆಲವು ಎಬಿಜಿ ಯಂತ್ರಗಳು ಅದರ ಆಮ್ಲವನ್ನು ಲ್ಯಾಕ್ಟೇಟ್ ಅಂತ ಓದುತ್ತವೆ. ಲ್ಯಾಕ್ಟೇಟ್ 20 ದಾಟಿ, ಬಿಪಿ ಚೆನ್ನಾಗಿದ್ದರೆ ಇದನ್ನು ನೆನಪಿಸಿಕೊಳ್ಳಿ. ಡೈಎಥಿಲೀನ್ ಗ್ಲೈಕಾಲ್ ಕಿಡ್ನಿಯನ್ನು ಹಾಳು ಮಾಡುತ್ತದೆ. ಯೂರಿಯಾ ತುಂಬಿದ ರಕ್ತದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದರೂ ಕೆಲಸ ಮಾಡುವುದಿಲ್ಲ. ಸ್ಯಾನಿಟೈಸರ್‌ನ ಐಸೋಪ್ರೊಪೈಲ್ ಆಲ್ಕೋಹಾಲ್ ಹೊಟ್ಟೆಯನ್ನು ಸುಟ್ಟು ರಕ್ತ ವಾಂತಿ ಮಾಡಿಸುತ್ತದೆ, ಆದರೆ ಹುಳಿ ಅಷ್ಟಾಗಿ ಏರಿಸುವುದಿಲ್ಲ.

ಸರಿಪಡಿಸುವ ಕ್ರಮ

ಮೊದಲು ವಿಷ ಇನ್ನಷ್ಟು ಆಮ್ಲ ಆಗದಂತೆ ತಡೆಯಿರಿ. ಫೊಮೆಪಿಜೋಲ್ ಸಿಕ್ಕರೆ ಕೆಜಿಗೆ 15 ಮಿಗ್ರಾಂ. ನಮ್ಮ ಕಡೆ ಅದು ಸಿಗುವುದು ಕಷ್ಟ, ಹೆಚ್ಚಾಗಿ ಎಥನಾಲ್ ಕೊಡುತ್ತೇವೆ. ಶೇ. 10ರ ದ್ರಾವಣ ಕೆಜಿಗೆ 8ರಿಂದ 10 ಎಂಎಲ್ ಮೊದಲು, ಆಮೇಲೆ ರಕ್ತದಲ್ಲಿ 100ರಿಂದ 150 ಮಿಗ್ರಾಂ (ಡೆಸಿಲೀಟರ್‌ಗೆ) ಮಟ್ಟ ಉಳಿಯುವಷ್ಟು. ಸಕ್ಕರೆ ಬೀಳುತ್ತದೆ, ಗಂಟೆಗೊಮ್ಮೆ ನೋಡಿ. ಹೊಟ್ಟೆಯಿಂದ ರಕ್ತ ಬರುತ್ತಿದ್ದರೆ ಮೂಗಿನ ನಳಿಕೆಯಲ್ಲಿ ಎಥನಾಲ್ ಹಾಕಬೇಡಿ. ಫೋಲಿನಿಕ್ ಆಮ್ಲ 50 ಮಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ. ಫಾರ್ಮಿಕ್ ಆಮ್ಲ ಒಡೆಯಲು ಅದು ನೆರವಾಗುತ್ತದೆ.

ಜೊತೆಗೇ ಬೈಕಾರ್ಬನೇಟ್. ಇಲ್ಲಿ ಒಂದು ಎಚ್ಚರಿಕೆ. ಹುಳಿ ಇಳಿಯುತ್ತಿದ್ದಂತೆ ರಕ್ತದ ಬಿಡಿ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಅಯೋನೈಸ್ಡ್ ಕ್ಯಾಲ್ಸಿಯಂ ನೋಡುತ್ತಾ ಹೋಗಿ, 1ಕ್ಕಿಂತ ಕೆಳಗಿದ್ದರೆ ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಡಿ. ಬೈಕಾರ್ಬನೇಟ್ ಹಾಕುವ ಲೈನ್‌ನಲ್ಲೇ ಅಲ್ಲ, ಬೇರೆ ಲೈನ್‌ನಲ್ಲಿ. ಒಂದೇ ಲೈನ್‌ನಲ್ಲಿ ಹಾಕಿದರೆ ಸುಣ್ಣದಂತೆ ಗಟ್ಟಿಯಾಗುತ್ತದೆ.

ಮೈ ಬೆಚ್ಚಗೆ ಮಾಡಿ. ಒದ್ದೆ ಬಟ್ಟೆ ತೆಗೆಯಿರಿ, ಕಂಬಳಿ ಹೊದಿಸಿ, ಡ್ರಿಪ್ ಬಿಸಿ ಮಾಡಿ ಕೊಡಿ. ದುಡ್ಡು ಖರ್ಚಿಲ್ಲದ ಮದ್ದು ಇದು, ಆದರೂ ನಾವು ಮರೆಯುತ್ತೇವೆ.

ಪಿಎಚ್ ಸರಿಹೋದ ಕ್ಷಣವೇ ಹೆಪ್ಪು ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಹುಳಿಯಲ್ಲಿದ್ದಾಗ ಒಂದಿಷ್ಟು ಫೈಬ್ರಿನೋಜೆನ್, ಪ್ಲೇಟ್‌ಲೆಟ್ ಖರ್ಚಾಗಿರುತ್ತವೆ. ಪ್ಲಾಸ್ಮಾ, ಕ್ರಯೋ (ಫೈಬ್ರಿನೋಜೆನ್ ಜಾಸ್ತಿ ಇರುವ ರಕ್ತದ ಭಾಗ), ಪ್ಲೇಟ್‌ಲೆಟ್ ಕೊಡುವ ಹೊತ್ತು ಇದು. ಅದೂ ರಕ್ತ ಇನ್ನೂ ಬರುತ್ತಿದ್ದರೆ, ಇಲ್ಲವೇ ದೊಡ್ಡ ಕ್ಯಾಥೆಟರ್ ಹಾಕಬೇಕಿದ್ದರೆ ಮಾತ್ರ. ಬರೀ ವರದಿಯ ಅಂಕಿ ನೋಡಿ ಕೊಡಬೇಡಿ.

ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಚೀಟಿಯಲ್ಲಿ ಇಷ್ಟು ಬರೆಯಿರಿ: ಕೊನೆಯ ಸಲ ಕುಡಿದ ಹೊತ್ತು, ಕಣ್ಣು ಮಂಜಾದ ಹೊತ್ತು, ಮೊದಲ ಪಿಎಚ್, ಪಿಟಿಗೆ ರಕ್ತ ತೆಗೆದ ಹೊತ್ತು, ಟ್ಯೂಬ್ ಪೂರ್ತಿ ತುಂಬಿತ್ತೋ ಇಲ್ಲವೋ, 20 ನಿಮಿಷದ ಪರೀಕ್ಷೆಯ ಫಲ, ಹೆಪಾರಿನ್ ಕೊಟ್ಟಿದ್ದೀರಾ, ಎಥನಾಲ್ ಎಷ್ಟು ಕೊಟ್ಟಿದ್ದೀರಿ, ಜೊತೆಯಲ್ಲಿ ಇನ್ನೆಷ್ಟು ಜನ ಕುಡಿದಿದ್ದಾರೆ. ನಿಮ್ಮಲ್ಲೇ ಉಳಿಸಿಕೊಂಡರೆ 48 ಮತ್ತು 72 ಗಂಟೆಗೆ ಪಿಟಿ ಮತ್ತೆ ಮಾಡಿಸಿ. ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದರೂ ಮಾಡಿಸಿ.